ಐದು ಡಾಲರಿನ ಹರಿದ ನೋಟೇ ಹೆಚ್ಚು ಬೆಲೆಯದ್ದು

ಓಹಾಯೋದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ದಿನ ಎರಡು ಹಳೆಯ ನೋಟು ಹಿಡಿದುಕೊಂಡು ಬಂದರು. ಅವರಪ್ಪನ ಬೈಬಲ್ಲಿನ ಹಾಳೆಗಳ ನಡುವೆ ಸಿಕ್ಕಿದ್ದವಂತೆ. 20 ಡಾಲರಿನದು ಗರಿಗರಿಯಾಗಿತ್ತು. 5 ಡಾಲರಿನದು ಮೆತ್ತಗಾಗಿ, ಮೂಲೆ ಹರಿದಿತ್ತು. ಇಪ್ಪತ್ತರದ್ದಕ್ಕೇ ಬೆಲೆ ಜಾಸ್ತಿ ಅಂತ ಅವರ ನಂಬಿಕೆ.

ಎರಡೂ 1929ರ ಸರಣಿಯವು. ಎರಡಕ್ಕೂ ಕಂದು ಸೀಲು, ಎರಡರ ಮೇಲೂ ‘ನ್ಯಾಷನಲ್ ಕರೆನ್ಸಿ’ ಅನ್ನುವ ಅಚ್ಚು. ನಾನು ಮೊದಲು ಬ್ಯಾಂಕಿನ ಹೆಸರು ಓದುತ್ತೇನೆ. ಇಪ್ಪತ್ತರ ನೋಟು ಕ್ಲೀವ್‌ಲ್ಯಾಂಡಿನ ಫೆಡರಲ್ ರಿಸರ್ವ್ ಬ್ಯಾಂಕಿನದು, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕಿನ ಒಂದು ಪ್ರಾದೇಶಿಕ ಬ್ಯಾಂಕಿನದು. ಚಾರ್ಟರ್ ನಂಬರ್, ಅಂದರೆ ಬ್ಯಾಂಕಿಗೆ ಸರ್ಕಾರ ಕೊಟ್ಟ ಪರವಾನಗಿಯ ಸಂಖ್ಯೆ, ಇರಬೇಕಾದ ಕಡೆ ಕ್ಲೀವ್‌ಲ್ಯಾಂಡಿನ ಗುರುತಾದ ‘ಡಿ’ ಅಕ್ಷರ ಮಾತ್ರ. 1933ರಲ್ಲಿ ಬ್ಯಾಂಕುಗಳು ಮುಚ್ಚತೊಡಗಿದಾಗ ಅವಸರದಲ್ಲಿ ಹೊರತಂದ ನೋಟು ಅದು. ಈಗಲೂ ಬೇಕಾದಷ್ಟು ಸಿಗುತ್ತವೆ. ಶುರುವಿನಲ್ಲಿ ನಾನೂ ಇಂಥದ್ದನ್ನೇ ನ್ಯಾಷನಲ್ ಬ್ಯಾಂಕ್ ನೋಟು ಅಂದುಕೊಂಡು ಹೆಚ್ಚು ದುಡ್ಡು ಕೊಟ್ಟು ಕೊಂಡಿದ್ದೆ.

ಐದರದ್ದು ಮಾತ್ರ ನಿಜವಾದ ನ್ಯಾಷನಲ್ ಬ್ಯಾಂಕ್ ನೋಟು, ಓಹಾಯೋದ ಒಂದು ಸಣ್ಣ ಊರಿನ ಬ್ಯಾಂಕಿನದು. 1863ರಿಂದ 1935ರವರೆಗೆ ಅಮೆರಿಕದ ಊರೂರಿನ ಬ್ಯಾಂಕುಗಳು ಸರ್ಕಾರಿ ಬಾಂಡು ಅಡವಿಟ್ಟು ತಮ್ಮ ಹೆಸರಿನಲ್ಲೇ ನೋಟು ಕೊಡುತ್ತಿದ್ದವು. ಪ್ರತಿ ಬ್ಯಾಂಕಿಗೂ ಒಂದು ಚಾರ್ಟರ್ ನಂಬರ್. 1ನೇ ನಂಬರ್ ಫಿಲಡೆಲ್ಫಿಯಾದ ಫಸ್ಟ್ ನ್ಯಾಷನಲ್ ಬ್ಯಾಂಕಿನದು. ಷಿಕಾಗೋದಂಥ ಊರಿನ ದೊಡ್ಡ ಬ್ಯಾಂಕುಗಳು ರಾಶಿ ರಾಶಿ ನೋಟು ಕೊಟ್ಟವು. ಸಣ್ಣ ಊರಿನವು ಕೊಟ್ಟಿದ್ದೇ ಸ್ವಲ್ಪ, ಉಳಿದದ್ದು ಇನ್ನೂ ಸ್ವಲ್ಪ. ಹಾಗಾಗಿ ನನ್ನ ಕೆಲಸವೆಲ್ಲ ಎಷ್ಟು ಉಳಿದಿವೆ ಅಂತ ಹುಡುಕುವುದು.

ಅಜ್ಜಿಯ ಐದರ ನೋಟಿನಲ್ಲಿ ಸೀರಿಯಲ್ ನಂಬರಿನ ಪಕ್ಕದಲ್ಲೂ ಕಂದು ಬಣ್ಣದಲ್ಲಿ ಚಾರ್ಟರ್ ನಂಬರ್ ಇತ್ತು. 1929ರ ನ್ಯಾಷನಲ್ ಬ್ಯಾಂಕ್ ನೋಟುಗಳಲ್ಲಿ ಎರಡು ಬಗೆ, ಇದು ಟೈಪ್ 2. ಟೈಪ್ 1ರಲ್ಲಿ ಅದು ಕಪ್ಪು ಶಾಯಿಯಲ್ಲಿ ಮಾತ್ರ ಇರುತ್ತದೆ. ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಒಂದೇ ಬ್ಯಾಂಕಿನಲ್ಲಿ ಒಂದು ಟೈಪ್ ಸುಲಭಕ್ಕೆ ಸಿಕ್ಕಿ ಇನ್ನೊಂದು ಕಾಣಸಿಗದೆ ಇರಬಹುದು. ಸಂಗ್ರಾಹಕರು ಸೀರಿಯಲ್ ನಂಬರ್ ಸಮೇತ ಬರೆದಿಟ್ಟ ಗಣತಿಯಲ್ಲಿ ನೋಡಿದೆ. ಆ ಬ್ಯಾಂಕಿನ ಟೈಪ್ 2 ನೋಟು ನಾಲ್ಕೇ ಇದ್ದವು. ಇದು ಐದನೆಯದು.

ಆಮೇಲೆ ಹಳೆಯ ಹರಾಜಿನ ದಾಖಲೆ ತೆಗೆದೆ. ಮಾರುವವರು ಕೇಳುವ ಬೆಲೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೈಬದಲಾದ ಬೆಲೆಯೇ ಬೇಕು. ಈ ಬ್ಯಾಂಕಿನದು ಹತ್ತು ವರ್ಷದಿಂದ ಹರಾಜಿಗೆ ಬಂದಿರಲಿಲ್ಲ. ಅದಕ್ಕೆ ಓಹಾಯೋದ ಇನ್ನೂ ಮೂರು ಸಣ್ಣ ಊರುಗಳ, ಇಷ್ಟೇ ಅಪರೂಪದ, ಇಷ್ಟೇ ಸವೆದ ನೋಟುಗಳ ಬೆಲೆ ನೋಡಿದೆ. ಮೂಲೆ ಹರಿದದ್ದಕ್ಕೆ ಸ್ವಲ್ಪ ಕಳೆದೆ. ಅಜ್ಜಿಗೆ ಒಂದೇ ಅಂಕಿ ಹೇಳಲಿಲ್ಲ, ಇಷ್ಟರಿಂದ ಇಷ್ಟರೊಳಗೆ ಅಂದೆ. ಕಡಿಮೆ ಅಂದರೂ ಇಪ್ಪತ್ತರ ನೋಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

“ಇಸ್ತ್ರಿ ಮಾಡಿ ಟೇಪ್ ಹಚ್ಚಲಾ?” ಅಂತ ಕೇಳಿದರು. ಬೇಡವೇ ಬೇಡ ಅಂದು, ಇದ್ದ ಹಾಗೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟೆ.