ಇಎಸ್‌ಪಿ32 ಬೋರ್ಡಿಗೆ ಬರೋ ವೆಬ್ ರಿಕ್ವೆಸ್ಟ್‌ನ ಸರಿಯಾಗಿ ಹ್ಯಾಂಡಲ್ ಮಾಡೋದು ಹೇಗೆ

ಆರ್ಡುಯಿನೋ ಐಡಿಇಲಿ (ಬೋರ್ಡಿಗೆ ಪ್ರೋಗ್ರಾಮ್ ಬರೆಯೋ ಸಾಫ್ಟ್‌ವೇರ್) ಇರೋ ಎಕ್ಸಾಂಪಲ್ ಸ್ಕೆಚ್, ಅಂದ್ರೆ ಪ್ರೋಗ್ರಾಮ್, ಹಾಕಿದ್ರೆ ವೈಫೈ ಇರೋ ಪುಟ್ಟ ಬೋರ್ಡ್ ಆದ ಇಎಸ್‌ಪಿ32ಲಿ ಒಂದು ಪೇಜ್ ಬರತ್ತೆ, ಬಟನ್ ಒತ್ತಿದ್ರೆ ಎಲ್‌ಇಡಿ ಹತ್ತತ್ತೆ, ಅಲ್ಲಿವರೆಗೆ ಎಲ್ಲಾ ಸಲೀಸು. ಅದಕ್ಕೇ ನೀರಿನ ಮೋಟರ್ ಸೇರಿಸಿ "ಹತ್ತು ನಿಮಿಷ ಓಡಿ ನಿಲ್ಲಬೇಕು" ಅಂತ ಬರೆಯೋಕೆ ಹೋದಾಗ ಪೇಜ್ ಓಪನ್ನೇ ಆಗಲ್ಲ, ಸುಮ್ನೆ ಸುತ್ತುತ್ತಾ ಇರತ್ತೆ, ನಾವು ವೈಫೈನ ಬೈತೀವಿ. ಬಹಳ ಸಲ ತಪ್ಪು ವೈಫೈದಲ್ಲ, ಡಿಲೇದು, ಅಂದ್ರೆ ಇಷ್ಟೊತ್ತು ಸುಮ್ನೆ ಕಾಯಿ ಅಂತ ಬೋರ್ಡಿಗೆ ಹೇಳೋ ಫಂಕ್ಷನ್ನಿಂದು.

ಬೋರ್ಡ್ ಜೊತೆ ಬರೋ ವೆಬ್‌ಸರ್ವರ್ ಲೈಬ್ರರಿ ತಾನಾಗೇ ರಿಕ್ವೆಸ್ಟ್ ಓದಲ್ಲ. ಲೂಪ್ (ಬೋರ್ಡ್ ಮತ್ತೆ ಮತ್ತೆ ಓಡಿಸ್ತಾ ಇರೋ ಫಂಕ್ಷನ್) ಒಳಗೆ ನೀವು ಹ್ಯಾಂಡಲ್‌ಕ್ಲೈಂಟ್ ಫಂಕ್ಷನ್ ಕರೆದಾಗ ಮಾತ್ರ ಯಾರಾದ್ರೂ ಬಂದಿದಾರಾ ಅಂತ ನೋಡತ್ತೆ, ಅದೂ ಒಂದ್ಸಲಕ್ಕೆ ಒಬ್ರನ್ನೇ. ಮೋಟರ್ ಆನ್ ಮಾಡಿ ಹತ್ತು ನಿಮಿಷ ಡಿಲೇ ಹಾಕಿದ್ರೆ ಆ ಹತ್ತು ನಿಮಿಷ ಪೇಜೂ ಇಲ್ಲ, ಆಫ್ ಬಟನ್ನೂ ಇಲ್ಲ. ಮೋಟರ್ ಓಡ್ತಿರುವಾಗ ಆಫ್ ಮಾಡೋಕಾಗಲ್ಲ ಅನ್ನೋದು ಸಣ್ಣ ವಿಷಯ ಅಲ್ಲ.

ಹಾಗಾಗಿ ಹ್ಯಾಂಡ್ಲರ್ ಫಂಕ್ಷನ್ (ರಿಕ್ವೆಸ್ಟ್ ಬಂದಾಗ ಓಡೋದು) ಒಳಗೆ ಇಷ್ಟೇ ಇರ್ಲಿ: ಬಂದಿರೋ ಆರ್ಗ್ಯುಮೆಂಟ್, ಅಂದ್ರೆ ರಿಕ್ವೆಸ್ಟ್ ಜೊತೆ ಬಂದ ಮೌಲ್ಯ, ಓದಿ, ಸರಿ ಇದ್ಯಾ ನೋಡಿ, ಒಂದು ವೇರಿಯಬಲ್‌ಲಿ ಬರೆದಿಟ್ಟು ತಕ್ಷಣ ಉತ್ತರ ಕಳಿಸಿ. ರಿಲೇ (ಬೋರ್ಡ್ ಆನ್-ಆಫ್ ಮಾಡೋ ಸ್ವಿಚ್) ಆನ್ ಮಾಡೋದು, ಟೈಮ್ ಆಯ್ತಾ ನೋಡಿ ಆಫ್ ಮಾಡೋದು ಎಲ್ಲಾ ಲೂಪ್ ಕೆಲಸ, ಬೋರ್ಡ್ ಆನ್ ಆದಾಗಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಹೇಳೋ ಮಿಲಿಸ್ ಫಂಕ್ಷನ್ ಇಟ್ಕೊಂಡು. ಮಿಲಿಸ್ ಸುಮಾರು 49 ದಿನಕ್ಕೊಮ್ಮೆ ಮತ್ತೆ ಸೊನ್ನೆಯಿಂದ ಶುರುವಾಗತ್ತೆ, ಅದಕ್ಕೆ "ಇಷ್ಟೊತ್ತಿಗೆ ನಿಲ್ಲಿಸು" ಅಂತ ಮುಂದಿನ ಟೈಮ್ ಕೂಡಿಸಿ ಇಡ್ಬೇಡಿ, ಈಗಿನ ಮಿಲಿಸಿಂದ ಶುರುವಾದಾಗಿನ ಮಿಲಿಸ್ ಕಳೆದು ನೋಡಿ, ವೇರಿಯಬಲ್ ಅನ್‌ಸೈನ್ಡ್ ಲಾಂಗ್ ಆಗಿದ್ರೆ ಲೆಕ್ಕ ತಪ್ಪಲ್ಲ.

ಇನ್ನು ಗೆಟ್ ಮತ್ತು ಪೋಸ್ಟ್, ಬ್ರೌಸರ್ ರಿಕ್ವೆಸ್ಟ್ ಕಳಿಸೋ ಎರಡು ವಿಧ. ಸುಮಾರು ಟ್ಯುಟೋರಿಯಲ್‌ಗಳಲ್ಲಿ ಆನ್ ಮಾಡೋಕೆ ಒಂದು ಲಿಂಕ್ ಇಟ್ಟಿರ್ತಾರೆ, ಅಂದ್ರೆ ಗೆಟ್ ರಿಕ್ವೆಸ್ಟ್. ಮೋಟರಿಗೆ ಇದು ಬೇಡ್ವೇ ಬೇಡ. ಫೋನ್‌ಲಿ ಹಳೇ ಟ್ಯಾಬ್ ತೆಗೆದಾಗ ಬ್ರೌಸರ್ ಅದೇ ಅಡ್ರೆಸ್‌ನ ರೀಲೋಡ್ ಮಾಡಿದ್ರೆ ಸಾಕು, ಯಾರೂ ಬಟನ್ ಮುಟ್ಟದೆ ಮೋಟರ್ ಆನ್. ಪೇಜ್ ತೋರಿಸೋಕೆ ಗೆಟ್, ಬದಲಾವಣೆ ಮಾಡೋಕೆ ಫಾರ್ಮ್ ಇಟ್ಟು ಪೋಸ್ಟ್. ಪೋಸ್ಟ್ ಆದ್ಮೇಲೆ ಲೊಕೇಶನ್ ಹೆಡರ್ ಜೊತೆ 303 (ಬೇರೆ ಪೇಜಿಗೆ ಹೋಗು ಅನ್ನೋ ಕೋಡ್) ಕಳಿಸಿ ಮುಖ್ಯ ಪೇಜಿಗೆ ವಾಪಸ್ ಕರ್ಕೊಂಡ್ಹೋಗಿ, ಆಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದ್ರೂ ಏನಾಗಲ್ಲ.

ನಿಮಿಷ ಎಷ್ಟು ಅಂತ ಬರೋ ಆರ್ಗ್ಯುಮೆಂಟ್‌ನ ಹಾಗೇ ನಂಬ್ಬೇಡಿ. ಅಕ್ಷರದ ಸ್ಟ್ರಿಂಗ್‌ನ ಸಂಖ್ಯೆ ಮಾಡೋ ಟುಇಂಟ್ ಫಂಕ್ಷನ್ನಿಗೆ ಅಕ್ಷರ ಕೊಟ್ರೂ ಎರರ್ ಬರಲ್ಲ, ಸೊನ್ನೆ ಬರತ್ತೆ. 1ರಿಂದ 30ರ ಒಳಗೆ ಇಲ್ಲ ಅಂದ್ರೆ 400 (ರಿಕ್ವೆಸ್ಟ್ ತಪ್ಪು ಅನ್ನೋ ಕೋಡ್) ಕಳಿಸಿ ಮುಗಿಸಿ. ಬ್ರೌಸರ್ ತಾನಾಗೇ ಫ್ಯಾವಿಕಾನ್ (ಟ್ಯಾಬ್ ಮೇಲೆ ಕಾಣೋ ಪುಟ್ಟ ಚಿತ್ರ) ಕೇಳ್ತಾ ಇರತ್ತೆ, ಸೀರಿಯಲ್ ಮಾನಿಟರ್‌ಲಿ ಅದು ಕಂಡ್ರೆ ಗಾಬರಿ ಬೇಡ, ನಾಟ್‌ಫೌಂಡ್ ಹ್ಯಾಂಡ್ಲರಿಂದ 404 ಹೋದ್ರೆ ಸಾಕು. ಕ್ರೋಮ್ ಕೆಲವು ಸಲ ಮುಂಚೇನೇ ಖಾಲಿ ಕನೆಕ್ಷನ್ ತೆಗೆದು ಏನೂ ಕಳಿಸದೆ ಸುಮ್ನಿರತ್ತೆ, ಲೈಬ್ರರಿ ಅದಕ್ಕೋಸ್ಕರ ಕೆಲವು ಸೆಕೆಂಡ್ ಕಾಯತ್ತೆ, ಅಷ್ಟೊತ್ತು ಪೇಜ್ ತಡವಾಗೋದು ಇದ್ರಿಂದ.

ಎಚ್‌ಟಿಎಂಎಲ್‌ನ ಸ್ಟ್ರಿಂಗಿಗೆ ಸ್ಟ್ರಿಂಗ್ ಕೂಡಿಸಿ ಕೂಡಿಸಿ ಕಟ್ಬೇಡಿ, ಪ್ರೋಗ್ರಾಮ್ ಓಡುವಾಗ ಬಳಸೋ ಹೀಪ್ ಮೆಮೊರಿ ಚೂರುಚೂರಾಗಿ ಯಾವತ್ತೋ ಒಂದಿನ ಬೋರ್ಡ್ ರೀಸೆಟ್ ಆಗ್ಬೋದು. ಪೇಜ್ ಬದಲಾಗಲ್ವಲ್ಲ, ಅದನ್ನ ಫ್ಲಾಶ್‌ಲೇ ಇಡಿ, ಮೋಟರ್ ಸ್ಥಿತಿ ಹೇಳೋಕೆ ಮಾತ್ರ ಬೇರೆ ಪಾತ್‌ಲಿ ಪುಟ್ಟ ಜೇಸನ್ (ಡೇಟಾ ಬರೆಯೋ ಒಂದು ಸರಳ ರೂಪ).

ಪಾಸ್‌ವರ್ಡಿಗೆ ಲೈಬ್ರರಿಲೇ ಅಥೆಂಟಿಕೇಟ್ ಫಂಕ್ಷನ್ ಇದೆ, ಹಾಕಿ. ಆದ್ರೆ ಬೇಸಿಕ್ ಅಥೆಂಟಿಕೇಶನ್‌ಲಿ ಪಾಸ್‌ವರ್ಡ್ ಹೋಗೋದು ಬೇಸ್64 ಆಗಿ, ಅದು ಎನ್‌ಕ್ರಿಪ್ಷನ್ ಅಲ್ಲ, ಯಾರು ಬೇಕಾದ್ರೂ ವಾಪಸ್ ಓದ್ಬೋದು. ದಯವಿಟ್ಟು ರೌಟರ್‌ಲಿ ಪೋರ್ಟ್ ಫಾರ್ವರ್ಡ್ ಮಾಡಿ ಇದನ್ನ ಇಂಟರ್ನೆಟ್ಟಿಗೆ ಬಿಡ್ಬೇಡಿ, ಹೊರಗಿಂದ ಬೇಕೇಬೇಕು ಅಂದ್ರೆ ವಿಪಿಎನ್.

ನಮ್ ಕಡೆ ಕರೆಂಟ್ ಹೋಗಿ ಬರೋದು ಮಾಮೂಲಿ, ಅದನ್ನ ಮೊದಲೇ ಯೋಚ್ನೆ ಮಾಡಿ. ಕರೆಂಟ್ ಬಂದ ತಕ್ಷಣ ಬೋರ್ಡ್ ಎದ್ದಿರತ್ತೆ, ರೌಟರ್ ಇನ್ನೂ ಎದ್ದಿರಲ್ಲ, ಆನ್ ಆದಾಗ ಒಂದ್ಸಲ ಓಡೋ ಸೆಟಪ್‌ಲಿ "ವೈಫೈ ಸಿಗೋವರೆಗೂ ಕಾಯಿ" ಅಂತ ಬರೆದಿದ್ರೆ ಬೋರ್ಡ್ ಅಲ್ಲೇ ನಿಂತಿರತ್ತೆ, ಲೂಪಿಗೆ ಬರೋದೇ ಇಲ್ಲ. ಅದಕ್ಕೆ ಕಾಯೋಕೆ ಒಂದು ಮಿತಿ ಇಟ್ಟು ಮುಂದೆ ಹೋಗಿ, ರೀಕನೆಕ್ಟ್ ಲೂಪ್‌ಲಿ ನೋಡ್ಕೊಳ್ಳಿ. ಲೋ ಕೊಟ್ರೆ ಆನ್ ಆಗೋ ರಿಲೇ ಆದ್ರೆ ಸೆಟಪ್‌ಲಿ ಮೊದಲು ಪಿನ್ನಿಗೆ ಇನ್‌ಪುಟ್ ಪುಲ್‌ಅಪ್ ಕೊಟ್ಟು, ಹೈ ಮಾಡಿ, ಆಮೇಲೆ ಔಟ್‌ಪುಟ್ ಮಾಡಿ. ಪುಟ್ಟ ರಿಲೇಗೆ ಮೋಟರ್ ನೇರ ಕೊಡ್ಬೇಡಿ, ಆ ರಿಲೇ ಮೋಟರ್ ಸ್ಟಾರ್ಟರಿನ ಕಾಯಿಲನ್ನ ಓಡಿಸ್ಲಿ, ಆ ವೈರಿಂಗ್ ಎಲೆಕ್ಟ್ರಿಶಿಯನ್ ಕೈಲೇ ಮಾಡ್ಸಿ.

ಎಲ್ಲಾ ಆದ್ಮೇಲೆ ಸ್ಟಾರ್ಟರ್ ಬಿಚ್ಚಿಟ್ಟು ಬರೀ ರಿಲೇಲಿ ಟೆಸ್ಟ್ ಮಾಡಿ. ಎರಡು ಫೋನಿಂದ ಒಟ್ಟಿಗೇ ಒತ್ತಿ, ನಿಮಿಷದ ಜಾಗದಲ್ಲಿ ಅಕ್ಷರ ಕಳಿಸಿ, ಟೈಮರ್ ಓಡ್ತಿರುವಾಗ್ಲೇ ರೌಟರ್ ಆಫ್ ಮಾಡಿ ನೋಡಿ. ರೌಟರ್ ಇಲ್ದೇನೂ ರಿಲೇ ಹೇಳಿದ ಟೈಮಿಗೆ ಆಫ್ ಆದ್ರೆ ಮೋಟರ್ ಜೋಡಿಸ್ಬೋದು.