ಡ್ರೋನ್ ಸಿಮ್ಯುಲೇಟರ್: ಕೆಲಸವನ್ನು ಮೂರು ಯಂತ್ರಗಳಿಗೆ ಹಂಚುವ ಬಗೆ

ಪೈಲಟ್ ತರಬೇತಿಯ ಸಿಮ್ಯುಲೇಟರನ್ನು ಒಂದೇ ಕಂಪ್ಯೂಟರಿನಲ್ಲಿ ಓಡಿಸಿದರೆ ಚಿತ್ರ ಬಿಡಿಸುವ ಕೆಲಸವೇ ಫಿಸಿಕ್ಸ್ ಲೆಕ್ಕಕ್ಕೆ ಅಡ್ಡ ಬರುತ್ತದೆ. ಮೂರಕ್ಕೆ ಹಂಚಿ: ಆರ್ಡುಪೈಲಟ್ ಸಿಟಲ್‌ಗೆ (ನಿಜವಾದ ಡ್ರೋನ್ ಇಲ್ಲದೆ ಓಡುವ ಆಟೋಪೈಲಟ್ ತಂತ್ರಾಂಶ) ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಗೆಝೀಬೊಗೆ (ಫಿಸಿಕ್ಸ್ ಲೆಕ್ಕ ಮತ್ತು ಚಿತ್ರ ಎರಡನ್ನೂ ನೋಡಿಕೊಳ್ಳುವ ಸಿಮ್ಯುಲೇಟರ್) ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್, ಕ್ಯೂಗ್ರೌಂಡ್‌ಕಂಟ್ರೋಲ್ (ನೆಲದಿಂದ ಡ್ರೋನ್ ನಿಯಂತ್ರಿಸುವ ಗ್ರೌಂಡ್ ಸ್ಟೇಷನ್ ತಂತ್ರಾಂಶ) ಮತ್ತು ಜಾಯ್‌ಸ್ಟಿಕ್‌ಗೆ ಲಿನಕ್ಸ್ ಲ್ಯಾಪ್‌ಟಾಪ್.

ಪೈ ಮತ್ತು ಡೆಸ್ಕ್‌ಟಾಪ್ ನಡುವೆ ಈಥರ್ನೆಟ್ ಕೇಬಲ್ಲೇ ಇರಲಿ. ಗೆಝೀಬೊದ ಲೆಕ್ಕದ ಒಂದು ಹೆಜ್ಜೆ 0.001 ಸೆಕೆಂಡ್. ಲಾಕ್‌ಸ್ಟೆಪ್‌ನಲ್ಲಿ ಪ್ರತಿ ಹೆಜ್ಜೆಗೂ ಎರಡೂ ಕಡೆ ಒಂದಕ್ಕೊಂದು ಕಾಯುತ್ತವೆ, ಅಂದರೆ ಸೆಕೆಂಡಿಗೆ 1000 ಸಲ ಹೋಗಿಬರಬೇಕು. ವೈಫೈಯಲ್ಲಿ ಒಂದು ಸುತ್ತಿಗೆ 2 ಮಿಲಿಸೆಕೆಂಡ್ ಹಿಡಿದರೂ ಸಾಕು, ಸಿಮ್ಯುಲೇಶನ್ ಅರ್ಧ ವೇಗಕ್ಕೆ ಇಳಿಯುತ್ತದೆ. ಆಟೋಪೈಲಟ್‌ಗೆ ಇದು ಗೊತ್ತೇ ಆಗುವುದಿಲ್ಲ, ಡ್ರೋನ್ ಚೆನ್ನಾಗಿಯೇ ಹಾರುತ್ತದೆ. ಆದರೆ ಪೈಲಟ್‌ಗೆ ಯೋಚಿಸಲು ದುಪ್ಪಟ್ಟು ಸಮಯ ಸಿಕ್ಕಿರುತ್ತದೆ. ಆ ಅಭ್ಯಾಸ ನಿಜವಾದ ಹಾರಾಟದಲ್ಲಿ ಕೈಕೊಡುತ್ತದೆ. ರಿಯಲ್ ಟೈಮ್ ಫ್ಯಾಕ್ಟರ್ (ನಿಜ ಸಮಯಕ್ಕೆ ಹೋಲಿಸಿದರೆ ಸಿಮ್ಯುಲೇಶನ್ನಿನ ವೇಗ) 0.98ಕ್ಕಿಂತ ಕೆಳಗೆ ಹೋದರೆ ತರಬೇತಿ ನಿಲ್ಲಿಸಿ, ಕಾರಣ ಹುಡುಕಿ.

ಡ್ರೋನ್ ಮಾಡೆಲ್ ಫೈಲಿನಲ್ಲಿ ಎಫ್‌ಡಿಎಂ ವಿಳಾಸ (ಆಟೋಪೈಲಟ್ ಜೊತೆ ಮಾತಾಡಲು ಗೆಝೀಬೊ ಬಳಸುವ ವಿಳಾಸ) 127.0.0.1, ಅಂದರೆ ಅದೇ ಯಂತ್ರ, ಎಂದಿರುತ್ತದೆ. ಅದನ್ನು ಡೆಸ್ಕ್‌ಟಾಪಿನ ಈಥರ್ನೆಟ್ ಐಪಿಗೆ ಬದಲಿಸಿ, ಫೈರ್‌ವಾಲ್‌ನಲ್ಲಿ ಯುಡಿಪಿ 9002 ತೆರೆಯಿರಿ. ಹಾಗೇ ಬಿಟ್ಟರೆ ಪೈ ಕಳಿಸಿದ್ದು ಗೆಝೀಬೊವನ್ನು ತಲುಪುವುದೇ ಇಲ್ಲ. ಪೈಯಲ್ಲಿ ಸಿಟಲ್ ಶುರುಮಾಡುವಾಗ ಜೇಸನ್ (JSON) ಫ್ರೇಮ್ ಆರಿಸಿ, ಮುಂದೆ ಕೋಲನ್ ಹಾಕಿ ಅದೇ ಐಪಿ ಕೊಡಿ.

ಡೆಸ್ಕ್‌ಟಾಪಿನಲ್ಲಿ ಗೆಝೀಬೊ ಸರ್ವರ್ ಮತ್ತು ಪರದೆಯ ಭಾಗವನ್ನು ಬೇರೆಬೇರೆಯಾಗಿ ಶುರುಮಾಡಿ. ಎಂಟು ಕೋರ್ ಇದ್ದರೆ ಯಾವ ಕೆಲಸ ಯಾವ ಕೋರ್‌ನಲ್ಲಿ ಎಂದು ನಿಗದಿಮಾಡುವ ಟಾಸ್ಕ್‌ಸೆಟ್‌ನಿಂದ ಸರ್ವರ್‌ಗೆ 4ರಿಂದ 7, ಪರದೆಗೆ 0ಯಿಂದ 3. ಸಿಪಿಯು ವೇಗ ನಿರ್ಧರಿಸುವ ಗವರ್ನರ್ ಪರ್ಫಾರ್ಮೆನ್ಸ್‌ನಲ್ಲಿರಲಿ. ಕ್ಯಾಮೆರಾ ಸೆನ್ಸರ್ ಮಾತ್ರ ಸರ್ವರ್ ಒಳಗೇ ಚಿತ್ರ ಬಿಡಿಸುತ್ತದೆ, ಆದ್ದರಿಂದ 640×480, ಸೆಕೆಂಡಿಗೆ 15 ಫ್ರೇಮ್ ಸಾಕು.

ಪೈ ಮತ್ತು ಲ್ಯಾಪ್‌ಟಾಪ್ ನಡುವಿನ ಪೈಲಟ್ ಲಿಂಕ್ ವೈಫೈ ಮೇಲಿರಲಿ. ಮ್ಯಾವ್‌ಪ್ರಾಕ್ಸಿ (ಸಿಟಲ್ ಜೊತೆ ಸಾಮಾನ್ಯವಾಗಿ ಶುರುವಾಗುವ ಇನ್ನೊಂದು ಗ್ರೌಂಡ್ ಸ್ಟೇಷನ್) ಬಿಟ್ಟು, ಸಿಟಲ್‌ನ ಸೀರಿಯಲ್ 0 ಪೋರ್ಟನ್ನು ಯುಡಿಪಿ ಕ್ಲೈಂಟ್ ಮಾಡಿ ಲ್ಯಾಪ್‌ಟಾಪಿನ 14550 ಪೋರ್ಟಿಗೆ ತಿರುಗಿಸಿ. ಟಿಸಿಪಿ ಆದರೆ ಕಳೆದ ಪ್ಯಾಕೆಟ್ ಮತ್ತೆ ಬರುತ್ತದೆ, ನಷ್ಟದ ಅನುಭವವೇ ಆಗುವುದಿಲ್ಲ.

ಭೂಸ್ಥಿರ ಉಪಗ್ರಹದ ಮೂಲಕ ಆಜ್ಞೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡ್ ಬೇಕು. ಅದನ್ನು ತೋರಿಸಲು ನೆಟೆಮ್ (ಜಾಲದಲ್ಲಿ ಬೇಕೆಂದೇ ವಿಳಂಬ, ನಷ್ಟ ತರುವ ಲಿನಕ್ಸ್ ಸಾಧನ) ಬಳಸಿ. ಅದು ಹೊರಹೋಗುವ ಪ್ಯಾಕೆಟ್‌ಗಳನ್ನಷ್ಟೇ ತಡಮಾಡುವುದರಿಂದ ಪೈ ಮತ್ತು ಲ್ಯಾಪ್‌ಟಾಪ್ ಎರಡರ ವೈಫೈಗೂ 250 ಮಿಲಿಸೆಕೆಂಡ್ ಹಾಕಿ. ತಪ್ಪಿ ಪೈಯ ಈಥರ್ನೆಟ್‌ಗೆ ಹಾಕಿದರೆ ಲಾಕ್‌ಸ್ಟೆಪ್ ಪ್ರತಿ ಹೆಜ್ಜೆಗೂ ಕಾಯುತ್ತಾ, ಒಂದು ಸೆಕೆಂಡಿನ ಹಾರಾಟಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ.

ಕೊನೆಗೆ ಗ್ರೌಂಡ್ ಸ್ಟೇಷನ್ ಫೇಲ್‌ಸೇಫ್ (ಸಂಪರ್ಕ ಕಡಿದಾಗ ಡ್ರೋನ್ ತಾನೇ ಹಿಂತಿರುಗುವ ವ್ಯವಸ್ಥೆ) ಆನ್ ಮಾಡಿ, ನೆಟೆಮ್‌ನಲ್ಲಿ ವೈಫೈ ಪ್ಯಾಕೆಟ್ ನಷ್ಟವನ್ನು 100 ಪ್ರತಿಶತಕ್ಕೆ ಏರಿಸಿ. ಡಿಫಾಲ್ಟ್ 5 ಸೆಕೆಂಡ್ ಕಳೆದ ಮೇಲೆ ಡ್ರೋನ್ ಮನೆಕಡೆ ತಿರುಗಬೇಕು. ತಿರುಗದಿದ್ದರೆ ಮ್ಯಾವ್‌ಪ್ರಾಕ್ಸಿ ಹಿಂದೆಲ್ಲೋ ಓಡುತ್ತಿದೆಯೇ ನೋಡಿ. ಅದರ ಹಾರ್ಟ್‌ಬೀಟನ್ನೇ (ನಾನಿದ್ದೇನೆ ಎಂದು ಆಗಾಗ ಕಳಿಸುವ ಸಂದೇಶ) ಆಟೋಪೈಲಟ್ ಗ್ರೌಂಡ್ ಸ್ಟೇಷನ್ ಎಂದು ನಂಬುತ್ತದೆ.