ಅಂಕೋಲೆಯಿಂದ ಕಾರವಾರಕ್ಕೆ, ಮಳೆಗಾಲದಲ್ಲೂ ಬೈಕಿನಲ್ಲೇ

ನನ್ನ ಮನೆ ಅಂಕೋಲೆಯಲ್ಲಿ, ಕೆಲಸ ಕಾರವಾರದಲ್ಲಿ. ನಡುವೆ ಸುಮಾರು 35 ಕಿಲೋಮೀಟರ್ ಹೆದ್ದಾರಿ. ಈಗ ಅದರ ನಂಬರ್ 66, ನಮ್ಮಲ್ಲಿ ಹಳಬರು ಇನ್ನೂ ಹದಿನೇಳು ಅಂತಲೇ ಕರೆಯುತ್ತಾರೆ. ಹಲವು ವರ್ಷಗಳಿಂದ ಈ ದಾರಿಯಲ್ಲಿ 125 ಸಿಸಿಯ ಸಾಧಾರಣ ಬೈಕಿನಲ್ಲಿ ಹೋಗಿ ಬರುತ್ತಿದ್ದೇನೆ. ಚಳಿಗಾಲ, ಬೇಸಿಗೆಯ ಬಗ್ಗೆ ಹೇಳಲಿಕ್ಕೆ ಹೆಚ್ಚೇನಿಲ್ಲ. ಬೆವರು ಬಿಟ್ಟರೆ ಬೇರೆ ಕಷ್ಟ ಇಲ್ಲ. ಇಲ್ಲಿ ಬರೆಯುತ್ತಿರುವುದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಆಗಲೂ ಕೆಲಸಕ್ಕೆ ಹೋಗಲೇಬೇಕು ಅಲ್ವಾ?

ರೈಲಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಇಳಿದ ಮೇಲೆ ಮತ್ತೆ ರಿಕ್ಷಾ ಹುಡುಕಬೇಕು. ಬಸ್ಸು ಒಳ್ಳೆಯದೇ. ವಿಪರೀತ ಮಳೆಯ ದಿನ ನಾನೂ ಬಸ್ಸಿಗೇ ಹೋಗುತ್ತೇನೆ. ಆದರೆ ಸಂಜೆ ಕೆಲಸ ಮುಗಿಯುವ ಹೊತ್ತು ನನ್ನ ಕೈಯಲ್ಲಿಲ್ಲ. ಹಾಗಾಗಿ ಉಳಿದ ದಿನಗಳಿಗೆ ಬೈಕೇ ಸರಿ.

ಮಳೆಗಾಲದ ತಯಾರಿ ನನಗೆ ಮೇ ತಿಂಗಳಲ್ಲೇ ಶುರು. ಮೊದಲು ಟಯರ್. ಟಯರಿನ ಪಕ್ಕದಲ್ಲಿ ಟಿಡಬ್ಲ್ಯೂಐ ಎಂಬ ಗುರುತು ಇರುತ್ತದೆ. ಅದರ ನೇರಕ್ಕೆ ಗೆರೆಗಳ ಒಳಗೆ ನೋಡಿದರೆ ಸಣ್ಣ ರಬ್ಬರ್ ದಿಬ್ಬ ಕಾಣುತ್ತದೆ. ಟಯರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿದಂತೆ. ನಾನು ಅಷ್ಟರವರೆಗೂ ಕಾಯುವುದಿಲ್ಲ. ಇನ್ನೂ ಸ್ವಲ್ಪ ಓಡುತ್ತದೆ ಅನ್ನುವ ಟಯರ್ ಬೇಸಿಗೆಗೆ ಸಾಕು, ಆರಿದ್ರಾ ಮಳೆಗೆ ಸಾಕಾಗುವುದಿಲ್ಲ. ಗೆರೆ ಇರುವುದೇ ಅಡಿಯ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ಗೆರೆ ಸವೆದರೆ ರಬ್ಬರಿಗೂ ರಸ್ತೆಗೂ ನಡುವೆ ನೀರು ಉಳಿಯುತ್ತದೆ. ಆಮೇಲೆ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಎರಡನೆಯದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಇದನ್ನು ಯಾರೂ ನೋಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹೆಚ್ಚಿನ ಬೈಕುಗಳಲ್ಲಿ ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಮೇಲೆ ಬಿದ್ದ ನೀರು ಅದರಿಂದ ಕೊಳವೆಯಲ್ಲಿ ಇಳಿದು ಕೆಳಗೆ ಹೋಗಬೇಕು. ಬೇಸಿಗೆಯ ಧೂಳು ಅದನ್ನು ಮುಚ್ಚಿಬಿಟ್ಟಿರುತ್ತದೆ. ಜೋರು ಮಳೆಯಲ್ಲಿ ಅಲ್ಲಿ ನಿಂತ ನೀರು ಪೆಟ್ರೋಲ್ ಹಾಕಲು ಮುಚ್ಚಳ ತೆಗೆದಾಗ ಒಳಗೆ ಜಾರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಮೊದಲು ಎಳೆಯುವುದು ತಳದಲ್ಲಿರುವುದನ್ನೇ. ಗಾಡಿ ಎಳೆದೆಳೆದು ಬಂದು ಮಧ್ಯದಾರಿಯಲ್ಲಿ ನಿಲ್ಲುತ್ತದೆ. ತೆಳು ತಂತಿಯಿಂದ ಆ ತೂತು ಬಿಡಿಸಿ, ಮೇಲಿನಿಂದ ಸ್ವಲ್ಪ ನೀರು ಸುರಿದು, ಕೆಳಗೆ ಬರುತ್ತದೆಯೇ ನೋಡಬೇಕು. ಹತ್ತು ನಿಮಿಷವೂ ಬೇಡ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗಲು ನಾನು ಬಿಡುವುದಿಲ್ಲ. ಪೆಟ್ರೋಲ್ ಹಾಕುವಾಗ ಛಾವಣಿಯ ಅಡಿಯಲ್ಲೇ ನಿಂತು, ಮುಚ್ಚಳದ ಸುತ್ತ ಬಟ್ಟೆಯಿಂದ ಒರೆಸಿ, ಆಮೇಲೆ ತೆಗೆಯುತ್ತೇನೆ.

ಚೈನಿಗೆ ಭಾನುವಾರ ಮೀಸಲು. ದಿನಕ್ಕೆ 70 ಕಿಲೋಮೀಟರ್ ಅಂದರೆ ವಾರಕ್ಕೆ 400ರ ಆಸುಪಾಸು. ಸಾಮಾನ್ಯವಾಗಿ 500 ಕಿಲೋಮೀಟರಿಗೆ ಒಮ್ಮೆ ಚೈನಿಗೆ ಎಣ್ಣೆ ಹಾಕಬೇಕು ಎನ್ನುತ್ತಾರೆ. ಮಳೆಯಲ್ಲಿ ಓಡಿದ ಚೈನಿಗೆ ಅಷ್ಟು ಕಾಯಬಾರದು. ಬ್ರಶ್ಶಿನಿಂದ ಮಣ್ಣು ತೆಗೆದು, ಒರೆಸಿ, ಪೂರ್ತಿ ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಹಾಕುತ್ತೇನೆ. ಚೈನಿನ ಒಳಭಾಗಕ್ಕೆ, ಸ್ವಲ್ಪವೇ. ಹೆಚ್ಚಾದದ್ದನ್ನು ಒರೆಸದೆ ಬಿಟ್ಟರೆ ಅದು ಟಯರಿಗೆ ಹಾರುತ್ತದೆ.

ಇನ್ನು ದಾರಿ. ಮಳೆಗಾಲದಲ್ಲಿ ಈ ರಸ್ತೆಯ ಮೇಲೆ ಬರೀ ಮಳೆನೀರು ಇರುತ್ತದೆ ಎಂದು ತಿಳಿಯಬೇಡಿ. ಬೈಕಿನವರು ಮೊದಲು ಕಲಿಯಬೇಕಾದದ್ದು ಇದನ್ನೇ. ಒಂದೊಂದು ಕಡೆ ಒಂದೊಂದು ಬಗೆಯ ಜಾರು. ಜೂನ್ ಮೊದಲ ಮಳೆಗೆ ಬೇಸಿಗೆಯ ಧೂಳು, ವಾಹನಗಳ ಎಣ್ಣೆ ಎರಡೂ ಮೇಲೆದ್ದು ರಸ್ತೆ ಸಾಬೂನಿನ ಹಾಗಾಗುತ್ತದೆ. ನಾಲ್ಕು ದಿನ ಜಡಿಮಳೆ ಹೊಡೆದರೆ ಅದೆಲ್ಲ ತೊಳೆದು ಹೋಗುತ್ತದೆ. ಹಾಗಾಗಿ ನನಗೆ ಜುಲೈನ ಜೋರು ಮಳೆಗಿಂತ ಜೂನ್ ಮೊದಲ ವಾರದ ತುಂತುರು ಹೆಚ್ಚು ಅಪಾಯ ಅನ್ನಿಸುತ್ತದೆ. ಸೇತುವೆಗಳ ಮೇಲೆ ಅಡ್ಡಕ್ಕೆ ಇರುವ ಕಬ್ಬಿಣದ ಪಟ್ಟಿ, ರಸ್ತೆಯ ಬಿಳಿ ಗೆರೆ, ಇವುಗಳ ಮೇಲೆ ಬ್ರೇಕ್ ಹಿಡಿಯಲೇಬಾರದು. ನೆಟ್ಟಗೆ ದಾಟಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಮೀನು ಲಾರಿಯ ನೀರು. ಊರಿನ ಹೊರಗಿನವರಿಗೆ ಇದು ಗೊತ್ತೇ ಇರುವುದಿಲ್ಲ. ಮೀನಿನ ಜೊತೆ ತುಂಬಿದ ಐಸು ಕರಗಿ, ಮೀನಿನ ಲೋಳೆ, ಎಣ್ಣೆ ಸೇರಿ ಲಾರಿಯಿಂದ ಸೋರುತ್ತದೆ. ಆ ನೀರನ್ನು ಲಾರಿಯಲ್ಲೇ ಹಿಡಿದಿಡಬೇಕು. ಕೆಲವರು ಹಾಗೆ ಮಾಡುವುದಿಲ್ಲ, ಓಡುತ್ತಲೇ ರಸ್ತೆಗೆ ಬಿಟ್ಟುಬಿಡುತ್ತಾರೆ. ಹಿಂದೆ ಬರುವ ಬೈಕಿನವನ ಜೀವದ ಬಗ್ಗೆ ಅವರಿಗೆ ಯೋಚನೆಯೇ ಇಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಆ ಎರಡು ತಿಂಗಳು ಮೀನು ಲಾರಿ ಕಡಿಮೆ. ಆಗಸ್ಟ್‌ನಲ್ಲಿ ದೋಣಿ ಇಳಿದ ಕೂಡಲೇ ಲಾರಿಗಳೂ ರಸ್ತೆಗೆ ಬರುತ್ತವೆ, ಮಳೆ ಮಾತ್ರ ಇನ್ನೂ ನಿಂತಿರುವುದಿಲ್ಲ. ಜೋರು ಮಳೆ ಬಂದರೆ ಆ ಲೋಳೆ ತೊಳೆದುಹೋಗುತ್ತದೆ. ಆಶ್ಲೇಷಾ, ಮಘಾ ಮಳೆಯ ಹಾಗೆ ಬಿಟ್ಟು ಬಿಟ್ಟು ಬರುವ ಮಳೆಗೆ ಮಾತ್ರ ಅದು ಹರಡಿ ಕೂರುತ್ತದೆ. ಆಗಸ್ಟ್‌ನಲ್ಲಿ ನಾನು ಜುಲೈಗಿಂತ ನಿಧಾನ ಹೋಗುವುದು ಇದೇ ಕಾರಣಕ್ಕೆ.

ಗುರುತು ಹಿಡಿಯುವುದು ಹೇಗೆ? ಮೊದಲು ಮೂಗಿಗೆ ಗೊತ್ತಾಗುತ್ತದೆ. ಆಮೇಲೆ ರಸ್ತೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ ಕಾಣುತ್ತದೆ. ಲಾರಿಯ ಎರಡು ಬದಿಯ ಚಕ್ರಗಳು ಹೋಗುವ ಸಾಲಿನ ನಡುವೆ ಬೀಳುವುದೇ ಹೆಚ್ಚು. ಆದ್ದರಿಂದ ನಾನು ಚಕ್ರದ ಸಾಲಿನಲ್ಲೇ ಹೋಗುತ್ತೇನೆ. ಮಳೆನೀರೂ ಅಲ್ಲಿ ಕಡಿಮೆ ಇರುತ್ತದೆ, ಮುಂದಿನ ವಾಹನದ ಚಕ್ರ ಅದನ್ನು ಆಗಲೇ ಸರಿಸಿರುತ್ತದೆ. ತಿರುವು, ಹಂಪು, ಏರು ಇರುವಲ್ಲಿ ಲಾರಿಯೊಳಗಿನ ನೀರು ತುಳುಕಿ ಜಾಸ್ತಿ ಚೆಲ್ಲಿರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ಹೋಗಿಬಿಟ್ಟರೆ ಬ್ರೇಕ್ ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ನೆಟ್ಟಗೆ ದಾಟಿಬಿಡಬೇಕು. ಮೀನು ಲಾರಿ ಕಂಡರೆ ನಾನು ಅದರ ಹಿಂದೆ ಉಳಿಯುವುದೇ ಇಲ್ಲ. ಜಾಗ ಇದ್ದರೆ ದಾಟುತ್ತೇನೆ, ಇಲ್ಲವಾದರೆ ಸುಮ್ನೆ ನಿಧಾನ ಮಾಡಿ ಅದನ್ನು ಮುಂದೆ ಹೋಗಲು ಬಿಡುತ್ತೇನೆ.

ಹಟ್ಟಿಕೇರಿಯ ಟೋಲ್‌ನಲ್ಲಿ ಬೈಕಿಗೆ ದುಡ್ಡಿಲ್ಲ, ಬದಿಯ ದಾರಿಯಲ್ಲಿ ಹೋಗಿಬಿಡಬಹುದು. ಮುಂದೆ ಅಮದಳ್ಳಿ, ತೊಡೂರು, ಚೆಂಡಿಯಾ, ಅರ್ಗಾ. ಇಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಗುಡ್ಡದಿಂದ ಇಳಿದ ನೀರಿಗೆ ಹೋಗಲು ಜಾಗ ಸಿಗದಿದ್ದರೆ ಹೆದ್ದಾರಿಯ ಮೇಲೇ ನಿಲ್ಲುತ್ತದೆ. ಅದರಲ್ಲೂ ಭರತದ, ಅಂದರೆ ಸಮುದ್ರ ಉಕ್ಕುವ ಹೊತ್ತಿಗೆ ಜೋರು ಮಳೆ ಬಂದರೆ ಹಳ್ಳದ ನೀರು ಸಮುದ್ರಕ್ಕೆ ಸೇರುವುದಿಲ್ಲ. ನೀರು ನಿಂತಿದ್ದರೆ ನಾನು ಬೇರೆ ಬೈಕು ದಾಟುವುದನ್ನು ನಿಂತು ನೋಡುತ್ತೇನೆ. ಚಕ್ರದ ನಡುವಿನ ಗುಂಬದ ಮಟ್ಟಕ್ಕೆ ನೀರು ಬಂದರೆ ದಾಟುವುದಿಲ್ಲ. ದಾಟುವಾಗ ಒಂದನೇ ಗೇರು, ಒಂದೇ ವೇಗ, ನಡುವೆ ನಿಲ್ಲುವ ಹಾಗಿಲ್ಲ. ದಾಟಿದ ಮೇಲೆ ಬ್ರೇಕನ್ನು ಹಗುರಕ್ಕೆ ಹಿಡಿದು ಹಿಡಿದು ಬಿಡಬೇಕು. ಡ್ರಮ್ ಬ್ರೇಕಿನ ಒಳಗೆ ನೀರು ಸೇರಿದ್ದರೆ ಮೊದಲ ಸಲಕ್ಕೆ ಹಿಡಿಯುವುದೇ ಇಲ್ಲ.

ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಅಲ್ಲಿ ಬೈಕು, ಬಸ್ಸು, ಟೆಂಪೋಗಳ ಗಿಜಿಗಿಜಿ. ಯೂ ಟರ್ನ್ ಮಾಡುವ ಜಾಗ ದೂರ ಇದೆ ಎಂದು ಎಷ್ಟೋ ಜನ ಎದುರು ದಿಕ್ಕಿನಲ್ಲೇ ಬರುತ್ತಾರೆ. ಮಳೆಯ ಮಬ್ಬಿನಲ್ಲಿ ಹಾಗೆ ಬರುವ ಬೈಕು ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ದಯವಿಟ್ಟು ಹಾಗೆ ಬರಬೇಡಿ. ಆ ಒಂದೆರಡು ಕಿಲೋಮೀಟರಿನ ಪೆಟ್ರೋಲ್ ಎಷ್ಟಾದೀತು?

ಬಿಣಗಾ ದಾಟಿದರೆ ಸುರಂಗ. 2023ರ ಮಳೆಗಾಲದಲ್ಲಿ ಇದನ್ನು ಕೆಲವು ಕಾಲ ಮುಚ್ಚಿದ್ದರು, ಆಗ ಹಳೆಯ ಘಟ್ಟದ ತಿರುವುಗಳಲ್ಲೇ ಓಡಾಟ. ಸುರಂಗದಲ್ಲಿ ಎರಡು ವಿಷಯ. ಕಪ್ಪು ಗಾಜಿನ ಹೆಲ್ಮೆಟ್ ಹಾಕಿದ್ದರೆ ಸುರಂಗದ ಬಾಯಿಯಲ್ಲೇ ಗಾಜು ಮೇಲೆತ್ತಿ ಒಳಗೆ ಹೋಗಿ, ಇಲ್ಲವಾದರೆ ಕೆಲವು ಕ್ಷಣ ಕುರುಡು. ನಾನಂತೂ ಬಿಳಿ ಗಾಜನ್ನೇ ಇಟ್ಟುಕೊಂಡಿದ್ದೇನೆ. ಇನ್ನೊಂದು, ಹೊರಗೆ ಬಂದ ಕೂಡಲೇ ಬೈತಖೋಲ್ ಕಡೆಯ ಸಮುದ್ರಗಾಳಿ ಎಡಗಡೆಯಿಂದ ಹೊಡೆಯುತ್ತದೆ. ಒಳಗೆ ಗಾಳಿಯೇ ಇಲ್ಲದೆ ಬಂದವರಿಗೆ ಅದು ಪಕ್ಕದಿಂದ ತಳ್ಳಿದ ಹಾಗಾಗುತ್ತದೆ. ಹ್ಯಾಂಡಲ್ ಬಿಗಿ ಹಿಡಿದರೆ ಗಾಡಿ ಇನ್ನೂ ಜಾಸ್ತಿ ಓಲಾಡುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಕೈ ಸಡಿಲ ಬಿಟ್ಟು, ಸ್ವಲ್ಪ ಬಗ್ಗಿ ಕೂತರೆ ಗಾಡಿ ತಾನೇ ನೇರ ಹೋಗುತ್ತದೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಈ ಹೆದ್ದಾರಿಯಲ್ಲಿ ಓಡಾಡುವವರ ಕಣ್ಣು ಬದಲಾಗಿದೆ. ಶಿರೂರು ಅಂಕೋಲೆಯಿಂದ ಕುಮಟಾ ಕಡೆಗೆ, ನನ್ನ ದಿನದ ದಾರಿಯಲ್ಲಿ ಇಲ್ಲ. ಆದರೂ ಆವತ್ತು ಜೀವ ಕಳೆದುಕೊಂಡವರಲ್ಲಿ ರಸ್ತೆ ಬದಿಯಲ್ಲಿ ಸುಮ್ನೆ ಗಾಡಿ ನಿಲ್ಲಿಸಿದವರೂ ಇದ್ದರು ಎಂಬುದು ಮನಸ್ಸಿನಿಂದ ಹೋಗುವುದಿಲ್ಲ. ಅದೇ ವರ್ಷ ಆಗಸ್ಟ್ 7ರ ನಸುಕಿಗೆ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಮೊದಲೆಲ್ಲ ಮಳೆ ಜೋರಾದರೆ ಗುಡ್ಡದ ಅಡಿಯ ಗೂಡಂಗಡಿಗೆ ನುಗ್ಗುವುದು ನಮ್ಮೆಲ್ಲರ ರೂಢಿ. ಈಗ ನಾನು ಕಡಿದ ಗುಡ್ಡದ ಬುಡದಲ್ಲಿ ನಿಲ್ಲುವುದಿಲ್ಲ. ನಿಲ್ಲಲೇಬೇಕಾದರೆ ಊರೊಳಗಿನ ಬಸ್ ಸ್ಟಾಪಿನಲ್ಲಿ, ಗುಡ್ಡದಿಂದ ದೂರ. ಗುಡ್ಡದಿಂದ ಇಳಿಯುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲು ಉರುಳತೊಡಗಿದರೆ ಅಲ್ಲಿಂದಲೇ ವಾಪಸ್. ರೆಡ್ ಅಲರ್ಟ್ ಇದ್ದ ದಿನ ಬೈಕ್ ಮನೆಯಲ್ಲೇ.

ಬಟ್ಟೆಯ ಬಗ್ಗೆ ಚಿಕ್ಕದಾಗಿ. ಅಂಗಿ, ಪ್ಯಾಂಟು ಬೇರೆ ಬೇರೆ ಇರುವ ರೇನ್‌ಕೋಟೇ ಬೇಕು. ಒಂದೇ ಹೊದಿಕೆಯ ಹಾಗಿರುವುದು ಗಾಳಿಗೆ ಹಾರುತ್ತದೆ, ಚಕ್ರಕ್ಕೂ ಸಿಕ್ಕಬಹುದು. ಬಣ್ಣ ಹಳದಿ ಅಥವಾ ಕೇಸರಿ. ಕಪ್ಪು ಬೇಡವೇ ಬೇಡ. ಕಾಲಿಗೆ ರಬ್ಬರ್ ಚಪ್ಪಲಿ. ಬೂಟು, ಒಂದು ಜೊತೆ ಬಟ್ಟೆ ಆಫೀಸಿನ ಕಪಾಟಿನಲ್ಲೇ. ಸಂಜೆ ಮನೆಗೆ ಬಂದು ಕೋಟನ್ನು ಬಚ್ಚಲೊಲೆಯ ಹತ್ತಿರ, ಕೈಯಳತೆ ದೂರದಲ್ಲಿ ತೂಗುಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಹೆಲ್ಮೆಟ್ಟಿನ ಒಳಗೆ ಹಳೆಯ ಪೇಪರ್ ತುರುಕಿಡುತ್ತೇನೆ, ವಾಸನೆ ಬರುವುದಿಲ್ಲ.

ವೇಗದ ವಿಷಯದಲ್ಲಿ ನನ್ನ ಲೆಕ್ಕ ಸರಳ. 70ರಲ್ಲಿ ಹೋದರೆ 35 ಕಿಲೋಮೀಟರಿಗೆ ಅರ್ಧ ಗಂಟೆ. 50ರಲ್ಲಿ ಹೋದರೆ 42 ನಿಮಿಷ. ಉಳಿಯುವುದು ಬರೀ 12 ನಿಮಿಷ. 70ರಲ್ಲಿ ಬೈಕು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 19 ಮೀಟರ್ ಓಡಿರುತ್ತದೆ, 50ರಲ್ಲಿ 14. ಹೊಂಡ ಕಂಡು ಕೈ ಬ್ರೇಕಿಗೆ ಹೋಗುವುದರೊಳಗೆ ಆಗುವ ವ್ಯತ್ಯಾಸ ಇದು. ಮಳೆಗಾಲದಲ್ಲಿ ನಾನು ಮನೆಯಿಂದ ಕಾಲು ಗಂಟೆ ಮೊದಲೇ ಹೊರಡುತ್ತೇನೆ.

ಸಂಜೆ ವಾಪಸ್ ಬರುವಾಗ ದನಗಳ ಮೇಲೆ ಕಣ್ಣಿರಬೇಕು. ಗದ್ದೆ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಎಲ್ಲ ನೀರು ತುಂಬಿರುತ್ತದೆ. ಒಣಗಿದ, ಬೆಚ್ಚಗಿನ ಜಾಗ ಎಂದು ಅವು ಡಾಂಬರಿನ ಮೇಲೇ ಮಲಗುತ್ತವೆ. ಕಪ್ಪು ದನ, ಕಪ್ಪು ರಸ್ತೆ, ಎದುರಿನ ವಾಹನದ ಬೆಳಕು. ಎದುರು ಬೆಳಕು ಕಣ್ಣಿಗೆ ಹೊಡೆದಾಗ ನಾನು ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತಾ ವೇಗ ಇಳಿಸುತ್ತೇನೆ.

ಮಳೆ ನಿಂತ ಮೇಲೂ ಒಂದು ಕೆಲಸ ಉಳಿಯುತ್ತದೆ. ಉಪ್ಪುಗಾಳಿ ವರ್ಷವಿಡೀ ಗಾಡಿಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ತುಕ್ಕು ಕೆಸರಿನ ಅಡಿಯಲ್ಲಿ ಅಡಗಿರುತ್ತದೆ. ಅಕ್ಟೋಬರ್‌ನಲ್ಲಿ ಗಾಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಮಡ್‌ಗಾರ್ಡಿನ ಒಳಭಾಗ, ಸೈಲೆನ್ಸರಿನ ಬುಡ, ಸ್ಟ್ಯಾಂಡಿನ ಸ್ಪ್ರಿಂಗ್ ಎಲ್ಲ ನೋಡಿಸುತ್ತೇನೆ. ವೈರುಗಳ ಜೋಡಣೆ ಬಿಚ್ಚಿ ಹಸಿರು ಕಿಲುಬು ತೆಗೆಸುತ್ತೇನೆ. ಬ್ರೇಕಿನ ಡಿಸ್ಕಿಗೆ ಮಾತ್ರ ಎಣ್ಣೆ, ಸ್ಪ್ರೇ ಏನೂ ತಾಗಬಾರದು. ರಾತ್ರಿ ನಿಂತು ಅದರ ಮೇಲೆ ಬಂದ ತೆಳು ತುಕ್ಕು ಬೆಳಿಗ್ಗೆ ಒಂದೆರಡು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಈ ಸಲ ನಮ್ಮ ಕೇರಿಯ ಹುಡುಗನೊಬ್ಬ ಕಾರವಾರದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನ ಗಾಡಿಯ ಹಿಂದಿನ ಟಯರ್ ಕಳೆದ ವಾರ ಬದಲಿಸಿದೆವು. ಜೂನ್ ಮೊದಲ ವಾರ ಅವನು ನನ್ನ ಹಿಂದೆ, ಸಾಕಷ್ಟು ಅಂತರ ಬಿಟ್ಟು ಬರುವುದೆಂದು ಮಾತಾಗಿದೆ.